ಐದು ವೋಲ್ಟ್ ಎಲ್ಲಿಂದ ತರೋಣ?

ಭೌತವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕನಾಗಿ ನಾನು ಪ್ರತಿವರ್ಷ ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕದ ಮೇಲೆ ಹಲವು ಬೋಧನಾಭ್ಯಾಸದ ಪಾಠಗಳನ್ನು ನೋಡುತ್ತೇನೆ. ಹೆಚ್ಚಿನವು ಒಂದೇ ಅಚ್ಚಿನವು. ಚಾರ್ಟಿನ ಮೇಲೆ ಒಂದು ಬ್ಯಾಟರಿ, ಒಂದು ರೋಧಕ, ಒಂದು ಅಮ್ಮೀಟರ್. ‘ವಿಭವಾಂತರ 6 ವೋಲ್ಟ್, ರೋಧ 3 ಓಮ್, ಪ್ರವಾಹ ಎಷ್ಟು?’ ಎಂದು ಪ್ರಶಿಕ್ಷಣಾರ್ಥಿ ಕೇಳುತ್ತಾರೆ. ‘2 ಆಂಪಿಯರ್’ ಎಂದು ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಮೌಲ್ಯಮಾಪನ ಮುಗಿಯುತ್ತದೆ, ಮನೆಗೆಲಸ ಕೊಡಲಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತ ನಾನು ವೀಕ್ಷಣಾ ನಮೂನೆಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತೇನೆ.

ಈ ‘ಉತ್ತಮ’ವನ್ನು ನಾನು ತೀರ ಸುಲಭವಾಗಿ ಕೊಡುತ್ತ ಬಂದಿದ್ದೇನೆ ಎಂದು ನನಗೆ ಅನಿಸಿದ್ದು ಒಂದು ಸಣ್ಣ ಪ್ರಸಂಗದಿಂದ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಏಕೆಂದರೆ ನನ್ನ ವಾದವೆಲ್ಲ ಆ ವಿವರಗಳಲ್ಲೇ ಇದೆ.

ಪ್ರಸಂಗ

ರಾಯಚೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇತ್ತು. ಬಿಸಿಲು ಏರಿದರೆ ಅದು ತನ್ನಷ್ಟಕ್ಕೆ ಆಫ್ ಆಗುತ್ತಿತ್ತು. ಒಳಗೆ ಧೂಳು, ಫ್ಯಾನು ನಿಧಾನ. ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದ ನಮ್ಮ ಒಬ್ಬ ಪ್ರಶಿಕ್ಷಣಾರ್ಥಿನಿ ಇದನ್ನು ಗಮನಿಸಿ, ಪೆಟ್ಟಿಗೆಯೊಳಗಿನ ಉಷ್ಣತೆಯನ್ನು ಮಕ್ಕಳಿಗೆ ತೋರಿಸಲು ಒಂದು ಪುಟ್ಟ ಎಲ್‌ಸಿಡಿ ಥರ್ಮಾಮೀಟರ್ ತಂದಿದ್ದರು. ಬೆಂಕಿಪೊಟ್ಟಣದಷ್ಟು ಗಾತ್ರ, ಉದ್ದ ತಂತಿಯ ತುದಿಯಲ್ಲಿ ಒಂದು ಥರ್ಮಿಸ್ಟರ್, ಹಿಂಬದಿಯಲ್ಲಿ ಎರಡು ಬಟನ್ ಸೆಲ್. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಕಂಪ್ಯೂಟರ್ ಶಿಕ್ಷಕರ ಕೈಯಿಂದಲೇ ಪೆಟ್ಟಿಗೆಯ ಪಕ್ಕದ ತಗಡು ತೆಗೆಸಿ, ತಂತಿಯ ತುದಿಯನ್ನು ಒಳಗೆ ಅಂಟಿಸಿದ್ದರು. ಉಷ್ಣತೆ ಏರಿದಂತೆ ಥರ್ಮಿಸ್ಟರಿನ ರೋಧ ಬದಲಾಗುತ್ತದೆ ಎಂಬುದು ಆ ದಿನದ ಪಾಠದ ಅಂಶ. ಪಾಠಯೋಜನೆಯನ್ನು ನಾನೇ ಒಪ್ಪಿದ್ದೆ.

ಪಾಠ ಚೆನ್ನಾಗಿಯೇ ಸಾಗಿತ್ತು. ಮಧ್ಯದಲ್ಲಿ ಒಬ್ಬ ಹುಡುಗ ಎದ್ದು ನಿಂತ.

“ಮೇಡಂ, ಪೆಟ್ಟಿಗಿ ತುಂಬ ಕರೆಂಟ್ ಐತಿ. ಮತ್ತ ಇದಕ್ಕ ಬ್ಯಾರೆ ಸೆಲ್ ಯಾಕ್ರೀ? ಅಲ್ಲಿಂದನ ತಗೊಂಡ್ರ ಆಗಂಗಿಲ್ಲೇನ್ರಿ?”

ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಆಕೆ ಒಂದು ಕ್ಷಣ ಯೋಚಿಸಿ, “ತಗೋಬಹುದು. ಒಳಗೆ 5 ವೋಲ್ಟ್ ಸಿಗುತ್ತದೆ. ಇದಕ್ಕೆ ಬೇಕಾದ್ದು 3 ವೋಲ್ಟ್. ನಡುವೆ ಒಂದು ರೋಧಕ ಹಾಕಿದರೆ 2 ವೋಲ್ಟ್ ಕಡಿಮೆಯಾಗುತ್ತದೆ. ನಾಳೆ ಮಾಡಿ ನೋಡೋಣ” ಎಂದರು.

ಮರುದಿನ ಮಾಡಿದರು. ವಿದ್ಯುತ್ ಸರಬರಾಜು ಪೆಟ್ಟಿಗೆಯಿಂದ ಬರುವ ನಾಲ್ಕು ತಂತಿಯ ಹಳೆಯ ಬಗೆಯ ಜೋಡಕವೊಂದು ಖಾಲಿ ಇತ್ತು. ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ತಂತಿಗಳು ಶೂನ್ಯ. ಅದಕ್ಕೆ ಹೊಂದುವ ಒಂದು ಅಡಾಪ್ಟರ್ ತಂತಿಯನ್ನು ಕತ್ತರಿಸಿ, ಕೆಂಪು ಎಳೆಗೆ 1000 ಓಮ್ ರೋಧಕ ಸೇರಿಸಿ, ಸೆಲ್‌ಗಳನ್ನು ತೆಗೆದು ಅವುಗಳ ಜಾಗಕ್ಕೆ ಜೋಡಿಸಿದರು. ಕಂಪ್ಯೂಟರ್ ಆನ್ ಮಾಡಿದರೆ ಪರದೆಯಲ್ಲಿ ಅಂಕಿ ಕಾಣಲಿಲ್ಲ. ಇರುವ ಗೀಟುಗಳೆಲ್ಲ ಒಟ್ಟಿಗೆ ಕಪ್ಪಾಗಿ ಎಂಟರ ಸಾಲು ಮೂಡಿತು. ಮಕ್ಕಳು ನಕ್ಕರು. ಆಕೆ ಕೂಡಲೇ ಆಫ್ ಮಾಡಿಸಿ, “ಏನೋ ತಪ್ಪಾಗಿದೆ. ಏನೆಂದು ನನಗೆ ಈಗ ತಿಳಿಯುತ್ತಿಲ್ಲ. ನಾಳೆ ಹುಡುಕೋಣ” ಎಂದರು.

ನಾನು ನಮೂನೆಯಲ್ಲಿ ಬರೆದದ್ದು ಹೀಗೆ: ‘ಯೋಜನೆಯಿಂದ ವಿಚಲನೆ. ವಿಷಯ ಪ್ರಭುತ್ವ ಸಾಲದು. ಪ್ರಯೋಗ ವಿಫಲ.’ ಅಂಕವೂ ಅದಕ್ಕೆ ತಕ್ಕಂತೆ.

ತಪ್ಪು ಎಲ್ಲಿತ್ತು?

ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಒಂದು ವಿಷಯ ಚುಚ್ಚತೊಡಗಿತು. ‘ರೋಧಕ ಹಾಕಿದರೆ 2 ವೋಲ್ಟ್ ಕಡಿಮೆಯಾಗುತ್ತದೆ’ ಎಂದು ಆಕೆ ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಆ ಮಾತಿನಲ್ಲಿ ಏನೋ ಇಲ್ಲ ಎಂದು ನನಗೂ ಹೊಳೆದಿರಲಿಲ್ಲ.

ಇಲ್ಲದಿದ್ದದ್ದು ಪ್ರವಾಹ. ರೋಧಕವೊಂದು ತಾನಾಗಿ ಇಷ್ಟು ವೋಲ್ಟ್ ನುಂಗುತ್ತದೆ ಎಂಬ ನಿಯಮವಿಲ್ಲ. ಅದರ ತುದಿಗಳ ನಡುವಿನ ವಿಭವಾಂತರ ಎಂದರೆ ಅದರ ಮೂಲಕ ಹರಿಯುವ ಪ್ರವಾಹ ಮತ್ತು ಅದರ ರೋಧದ ಗುಣಲಬ್ಧ. ಪ್ರವಾಹ ತಿಳಿಯದೆ ರೋಧ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಎಲ್‌ಸಿಡಿ ಥರ್ಮಾಮೀಟರ್ ಎಳೆಯುವ ಪ್ರವಾಹ ತೀರ ಕಡಿಮೆ. ಅದಕ್ಕಾಗಿಯೇ ಗುಂಡಿಯಷ್ಟು ಸಣ್ಣ ಸೆಲ್‌ಗಳ ಮೇಲೆ ಅದು ತಿಂಗಳುಗಟ್ಟಲೆ ನಡೆಯುತ್ತದೆ.

ಮೂರನೆಯ ದಿನ ಆಕೆ ಮಲ್ಟಿಮೀಟರ್ ತಂದರು. ಆ ಪಾಠ ನನ್ನ ವೀಕ್ಷಣೆಯ ಪಟ್ಟಿಯಲ್ಲಿ ಇರಲಿಲ್ಲ. ಕುತೂಹಲಕ್ಕೆ ಹೋಗಿ ಕುಳಿತೆ. ಮೊದಲು ಸೆಲ್‌ಗಳನ್ನೇ ಮತ್ತೆ ಹಾಕಿದರು. ಪುಣ್ಯಕ್ಕೆ ಅಂಕಿಗಳು ಸರಿಯಾಗಿ ಮೂಡಿದವು. ಆಮೇಲೆ ಮೀಟರನ್ನು ಸರಣಿಯಲ್ಲಿ ಜೋಡಿಸಿ ಪ್ರವಾಹ ಅಳೆಸಿದರು. ಸುಮಾರು 20 ಮೈಕ್ರೋಆಂಪಿಯರ್ ಎಂದು ಬಂತು. “ಹಾಗಾದರೆ ನಿನ್ನೆ ನಾನು ಹಾಕಿದ 1000 ಓಮ್ ಎಷ್ಟು ವೋಲ್ಟ್ ಕಡಿಮೆ ಮಾಡಿತು? ಲೆಕ್ಕ ಹಾಕಿ” ಎಂದರು. ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು, ಅದನ್ನು ಸಾವಿರದಿಂದ ಗುಣಿಸಿದರೆ 0.02 ವೋಲ್ಟ್. ಬೇಕಿದ್ದದ್ದು 2 ವೋಲ್ಟ್. ಅಂದರೆ ನೂರರಲ್ಲಿ ಒಂದು ಪಾಲು! ಥರ್ಮಾಮೀಟರಿನ ಮೇಲೆ ಹೆಚ್ಚು ಕಡಿಮೆ ಪೂರ್ತಿ 5 ವೋಲ್ಟ್ ಬಿದ್ದಿತ್ತು. ಎಂಟರ ಸಾಲು ಏಕೆ ಮೂಡಿತು ಎಂಬುದಕ್ಕೆ ಉತ್ತರ ಮಕ್ಕಳಿಗೇ ಸಿಕ್ಕಿತು.

‘ಹಾಗಾದರೆ ಒಂದು ಲಕ್ಷ ಓಮ್ ಹಾಕೋಣ’ ಎಂದು ಒಬ್ಬಳು ಹೇಳಿದಳು. ಲೆಕ್ಕಕ್ಕೆ ಅದು ಸರಿ. ಆದರೆ ಇಂಥ ಸಾಧನ ಎಳೆಯುವ ಪ್ರವಾಹ ಸದಾ ಒಂದೇ ಇರುವುದಿಲ್ಲ. ಉಷ್ಣತೆ ಅಳೆಯುವ ಕ್ಷಣದಲ್ಲಿ ಹೆಚ್ಚು, ಮಿಕ್ಕ ಹೊತ್ತಿನಲ್ಲಿ ಕಡಿಮೆ. ಪ್ರವಾಹ ಏರಿಳಿದಂತೆ ವೋಲ್ಟೂ ಏರಿಳಿಯುತ್ತದೆ. ಆದ್ದರಿಂದ ಆಕೆ ಬೇರೆ ದಾರಿ ತೋರಿಸಿದರು. 5 ವೋಲ್ಟ್ ಮತ್ತು ಶೂನ್ಯದ ನಡುವೆ 1000 ಓಮ್ ಹಾಗೂ 1500 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸುವುದು. ಒಟ್ಟು 2500 ಓಮ್, ಪ್ರವಾಹ 2 ಮಿಲಿಆಂಪಿಯರ್, 1500 ಓಮ್‌ನ ತುದಿಗಳ ನಡುವೆ ಸರಿಯಾಗಿ 3 ವೋಲ್ಟ್. ಥರ್ಮಾಮೀಟರನ್ನು ಈ 1500 ಓಮ್‌ಗೆ ಸಮಾಂತರವಾಗಿ ಸೇರಿಸಿದರೆ ಅದು ಎಳೆಯುವುದು ರೋಧಕಗಳಲ್ಲಿ ಹರಿಯುವ ಪ್ರವಾಹದ ನೂರನೇ ಒಂದು ಪಾಲು. ಹಾಗಾಗಿ 3 ವೋಲ್ಟ್ ಅಲ್ಲಾಡುವುದಿಲ್ಲ. ಜೋಡಿಸಿದರು, ಅಂಕಿ ಸ್ಪಷ್ಟವಾಗಿ ಮೂಡಿತು. ಸರಣಿ ಜೋಡಣೆ, ಸಮಾಂತರ ಜೋಡಣೆ ಎರಡೂ ಒಂದೇ ಮಂಡಲದಲ್ಲಿ, ಎರಡಕ್ಕೂ ಕೆಲಸವಿದ್ದು ಬಂದದ್ದನ್ನು ನಾನು ಶಾಲಾ ತರಗತಿಯಲ್ಲಿ ಅದೇ ಮೊದಲು ನೋಡಿದ್ದು.

ಕೊನೆಯ ಪ್ರಶ್ನೆ

ಪಾಠ ಅಲ್ಲಿಗೆ ಮುಗಿದಿದ್ದರೆ ಇದೊಂದು ಯಶಸ್ಸಿನ ಕತೆಯಾಗುತ್ತಿತ್ತು. ಆದರೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಕಂಪ್ಯೂಟರ್ ಕಾದು ಆಫ್ ಆದ್ರ ಇದೂ ಆಫ್ ಆಗ್ತದಲ್ರಿ ಮೇಡಂ? ನಾವು ನೋಡಬೇಕಾಗಿದ್ದು ಆವಾಗಲ್ಲೇನ್ರಿ?”

ಹೌದು. ಆ ಜೋಡಕದ 5 ವೋಲ್ಟ್ ಕಂಪ್ಯೂಟರ್ ಆಫ್ ಆದೊಡನೆ ನಿಂತುಹೋಗುತ್ತದೆ. ಯಂತ್ರ ಕಾದು ಆಫ್ ಆದ ಕ್ಷಣದಲ್ಲಿ ಒಳಗೆ ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತಿಗೆ ಆರಿತು ಎಂದು ನೋಡುವುದೇ ಉದ್ದೇಶವಾದರೆ ಸೆಲ್ ಹಾಕಿದ್ದೇ ಸರಿ. ಸರಬರಾಜು ಪೆಟ್ಟಿಗೆಯಲ್ಲಿ ನೇರಳೆ ಬಣ್ಣದ ಇನ್ನೊಂದು ತಂತಿ ಇದೆ. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ, ಕಂಪ್ಯೂಟರ್ ಆಫ್ ಇದ್ದರೂ, ಅದರಲ್ಲಿ 5 ವೋಲ್ಟ್ ಇರುತ್ತದೆ. ಆದರೆ ಅದು ಮದರ್‌ಬೋರ್ಡಿಗೆ ಹೋಗುವ ದಪ್ಪ ಕಟ್ಟಿನೊಳಗಿನ ತಂತಿ. ಕಲಿಯುವವರು ಕೈಹಾಕುವ ಜಾಗವಲ್ಲ. ಫ್ಯಾನಿನ ಜೋಡಕದಿಂದ ತೆಗೆದುಕೊಳ್ಳೋಣವೆಂದರೆ, ಮೂರು ಕಡ್ಡಿಯ ಜೋಡಕದಲ್ಲಿ ಫ್ಯಾನಿನ ವೇಗ ತಗ್ಗಿಸಲು ವೋಲ್ಟನ್ನೇ ತಗ್ಗಿಸುವ ಬೋರ್ಡುಗಳಿವೆ. ಅಲ್ಲಿ ನಮ್ಮ ಲೆಕ್ಕ ನಿಲ್ಲುವುದಿಲ್ಲ. ಇನ್ನು ಕೆಂಪು ಅಂಕಿಗಳ ಎಲ್‌ಇಡಿ ಪ್ರದರ್ಶಕ ತಂದಿದ್ದರೆ ಮಾತೇ ಬೇರೆ. ಅದು ಎಳೆಯುವುದು ಮಿಲಿಆಂಪಿಯರ್‌ಗಳಲ್ಲಿ, ಬಟನ್ ಸೆಲ್ ಅದಕ್ಕೆ ಸಾಲದು. ಮೇಲಿನ ಎರಡು ರೋಧಕಗಳ ಉಪಾಯವೂ ಅಲ್ಲಿ ಕೆಡುತ್ತದೆ. ಅದರ ಮೇಲೆ ಬರೆದಿರುವ ವೋಲ್ಟಿನ ಮಿತಿಯೊಳಗೆ 5 ಅಥವಾ 12 ಇದ್ದರೆ ನೇರವಾಗಿ ಜೋಡಿಸುವುದೇ ಸರಿ.

ನೋಡಿ, ಬೆಂಕಿಪೊಟ್ಟಣದಷ್ಟು ಸಾಧನಕ್ಕೆ ವಿದ್ಯುತ್ ಕೊಡುವ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಎಷ್ಟು ಪ್ರವಾಹ ಬೇಕು, ಯಾವಾಗ ಬೇಕು, ಯಾತಕ್ಕಾಗಿ ಬೇಕು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ‘6 ವೋಲ್ಟ್, 3 ಓಮ್’ ಮಾದರಿಯ ಲೆಕ್ಕದಲ್ಲಿ ಈ ಮೂರೂ ಪ್ರಶ್ನೆಗಳನ್ನು ನಾವೇ ಮೊದಲು ತೀರ್ಮಾನಿಸಿಬಿಟ್ಟಿರುತ್ತೇವೆ. ಮಕ್ಕಳಿಗೆ ಉಳಿಯುವುದು ಭಾಗಾಕಾರ ಮಾತ್ರ.

ಸುರಕ್ಷತೆಯ ಮಾತು

ಇಂಥ ಪಾಠ ಮಾಡಿ ಎಂದು ಹೇಳುವವನು ಅಪಾಯವನ್ನೂ ಹೇಳಬೇಕು. ಕಂಪ್ಯೂಟರಿನೊಳಗಿನ ತಗಡಿನ ಸರಬರಾಜು ಪೆಟ್ಟಿಗೆಯನ್ನು ಶಿಕ್ಷಕರಾಗಲಿ ಮಕ್ಕಳಾಗಲಿ ಎಂದೂ ಬಿಚ್ಚಬಾರದು. ಮನೆಯ 230 ವೋಲ್ಟ್ ಪರ್ಯಾಯ ಪ್ರವಾಹದ ಶಿಖರಮೌಲ್ಯ ಸುಮಾರು 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಆ ಮಟ್ಟದ ಆವೇಶ ಒಳಗಿನ ಕೆಪಾಸಿಟರ್‌ನಲ್ಲಿ ಕೆಲಕಾಲ ಉಳಿದಿರಬಹುದು. ಹೊರಗೆ ಬರುವ ತಂತಿಗಳನ್ನು ಮುಟ್ಟುವ ಮೊದಲೂ ಪ್ಲಗ್ ಕಿತ್ತಿರಬೇಕು.

ಇನ್ನೊಂದು ಭ್ರಮೆ, ‘5 ವೋಲ್ಟ್ ತಾನೇ, ಏನಾಗುತ್ತದೆ’ ಎಂಬುದು. ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ, ನಿಜ. ಆದರೆ ಡೆಸ್ಕ್‌ಟಾಪಿನ 5 ವೋಲ್ಟ್ ಸಾಲು ಹತ್ತು ಆಂಪಿಯರ್‌ಗಿಂತ ಹೆಚ್ಚು ಕೊಡಬಲ್ಲದು. ಕೂದಲೆಳೆಯಂಥ ತಂತಿಯ ಕೆಂಪು ಕಪ್ಪು ಒಂದಕ್ಕೊಂದು ತಾಗಿದರೆ, ಸರಬರಾಜಿನ ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳುವ ಮೊದಲೇ ತಂತಿಯ ಹೊದಿಕೆ ಕರಗಬಹುದು. ಬಟನ್ ಸೆಲ್‌ಗೆ ಆ ತಾಕತ್ತಿಲ್ಲ. ವೋಲ್ಟ್ ಹೆಚ್ಚುಕಡಿಮೆ ಒಂದೇ ಇದ್ದರೂ ಮೂಲಗಳು ಒಂದೇ ಅಲ್ಲ ಎಂಬುದೂ ಪಾಠವೇ. ಪ್ರತಿ ಜೋಡಣೆಗೂ ಇನ್ಸುಲೇಷನ್ ಟೇಪು, ಕೆಂಪು ತಂತಿಯಲ್ಲಿ ಒಂದು ಸಣ್ಣ ಫ್ಯೂಸು ಕಡ್ಡಾಯವಿರಲಿ. ಅಷ್ಟಕ್ಕೂ ಮೊದಲ ಅಭ್ಯಾಸಕ್ಕೆ ಕಂಪ್ಯೂಟರೇ ಬೇಕಿಲ್ಲ. ಮೂಲೆಗೆ ಬಿದ್ದ ಮೊಬೈಲ್ ಚಾರ್ಜರ್ ಕೊಡುವುದೂ ಅದೇ 5 ವೋಲ್ಟ್.

ನಾವು ಬದಲಿಸಬೇಕಾದದ್ದು

ಈಗ ನನ್ನ ವಾದಕ್ಕೆ ಬರುತ್ತೇನೆ. ಆ ಪ್ರಶಿಕ್ಷಣಾರ್ಥಿನಿಯ ಎರಡನೆಯ ದಿನದ ತಪ್ಪಿಗೆ ಅರ್ಧ ಹೊಣೆ ನಮ್ಮ ಕಾಲೇಜಿನದು. ಆಕೆ ಓಮ್‌ನ ನಿಯಮವನ್ನು ಬರೆಯಬಲ್ಲವರು, ಸೂತ್ರ ಸಾಧಿಸಬಲ್ಲವರು. ಆದರೆ ತಮ್ಮ ಕೈಯಿಂದ ಒಂದು ಸಾಧನಕ್ಕೆ ವಿದ್ಯುತ್ ಕೊಡುವ ಸಂದರ್ಭ ಆಕೆಗೆ ನಮ್ಮಲ್ಲಿ ಬಂದೇ ಇರಲಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ನಾವು ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಕೌಶಲ, ಪುನರ್ಬಲನದ ಕೌಶಲ ಎಲ್ಲ ಕಲಿಸುತ್ತೇವೆ. ಮಗು ಕೇಳಿದ, ಯೋಜನೆಯಲ್ಲಿಲ್ಲದ ಪ್ರಶ್ನೆಯನ್ನು ಏನು ಮಾಡಬೇಕು ಎಂದು ಕಲಿಸುವುದಿಲ್ಲ. ಹಾಗಾಗಿ ನಮ್ಮವರು ಅಂಥ ಪ್ರಶ್ನೆ ಬಂದರೆ ‘ಚೆನ್ನಾಗಿ ಕೇಳಿದೆ, ಕೂತ್ಕೊ’ ಎಂದು ಮುಂದೆ ಹೋಗುತ್ತಾರೆ. ವೀಕ್ಷಕರಾದ ನಮಗೂ ಅದೇ ಅನುಕೂಲ.

ಮೂರು ಸಣ್ಣ ಬದಲಾವಣೆಗಳನ್ನು ಸೂಚಿಸುತ್ತೇನೆ.

ಒಂದನೆಯದು, ವಿಜ್ಞಾನದ ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಪಟ್ಟಿಯ ಕೆಳಗೆ ಒಂದು ಸಾಲು ಇರಲಿ: ‘ಇದನ್ನು ನಾನೇ ಮಾಡಿ ನೋಡಿದ್ದೇನೆ. ಬಂದ ಅಳತೆಗಳು ಇವು.’ ಅಳತೆ ಬರೆಯದ ಯೋಜನೆಗೆ ನಾವು ಸಹಿ ಹಾಕದಿರೋಣ. ಮೇಲಿನ ಪ್ರಸಂಗದಲ್ಲಿ ಮಗುವಿನ ಪ್ರಶ್ನೆಗೂ ಪ್ರಯೋಗಕ್ಕೂ ನಡುವೆ ಒಂದು ರಾತ್ರಿಯಿತ್ತು. ಮೊದಲು ಮಾಡಿ ನೋಡಬೇಕೆಂಬ ರೂಢಿ ಇದ್ದಿದ್ದರೆ ಎಂಟರ ಸಾಲು ಆಕೆಯ ಕೋಣೆಯಲ್ಲೇ ಮೂಡುತ್ತಿತ್ತು.

ಎರಡನೆಯದು, ವೀಕ್ಷಣಾ ನಮೂನೆಯಲ್ಲಿ ‘ಯೋಜನೆಯಿಂದ ವಿಚಲನೆ’ಯನ್ನೂ ‘ಮಕ್ಕಳ ಪ್ರಶ್ನೆಗೆ ಸ್ಪಂದನ’ವನ್ನೂ ಬೇರೆ ಬೇರೆಯಾಗಿ ನೋಡೋಣ. ತಪ್ಪಿದ ಪಾಠವನ್ನು ಮುಂದಿನ ಅವಧಿಯಲ್ಲಿ ಸರಿಪಡಿಸಿದರೆ ಆ ಎರಡನೆಯ ಪಾಠವನ್ನೂ ನೋಡಿದ ಮೇಲೆಯೇ ಅಂಕ ಕೊಡೋಣ. ‘ನನಗೆ ತಿಳಿಯುತ್ತಿಲ್ಲ, ಹುಡುಕೋಣ’ ಎಂಬ ಮಾತಿಗೆ ಅಂಕ ಕಳೆಯುವ ಪದ್ಧತಿ ಇದ್ದರೆ, ತಿಳಿಯದ್ದನ್ನು ತಿಳಿದಂತೆ ಹೇಳುವ ಶಿಕ್ಷಕರನ್ನೇ ನಾವು ತಯಾರಿಸುತ್ತೇವೆ.

ಮೂರನೆಯದು, ವಿಧಾನ ತರಗತಿಯಲ್ಲಿ ಇಂಟರ್ನ್‌ಶಿಪ್‌ಗೆ ಮೊದಲು ಎರಡು ಗಂಟೆಯ ಒಂದು ಕೂಟ. ಮೇಜಿನ ಮೇಲೆ ಹಳೆಯ ಚಾರ್ಜರ್, ನಾಲ್ಕಾರು ರೋಧಕ, ಒಂದು ಮಲ್ಟಿಮೀಟರ್, ಒಂದು ಪುಟ್ಟ ಥರ್ಮಾಮೀಟರ್. ಪ್ರಶ್ನೆ ಒಂದೇ: ಇದಕ್ಕೆ ಸೆಲ್ ಇಲ್ಲದೆ ವಿದ್ಯುತ್ ಕೊಡಿ, ಏಕೆ ಹಾಗೆ ಕೊಟ್ಟಿರಿ ಎಂದು ಹೇಳಿ. ಅಲ್ಲಿ ಎಂಟರ ಸಾಲು ಮೂಡಲಿ, ನಾವೂ ಅವರೊಂದಿಗೆ ಕುಳಿತು ತಪ್ಪು ಹುಡುಕೋಣ. ಉಪನ್ಯಾಸಕರಿಗೂ ಈ ಕೂಟ ಬೇಕು. ನನ್ನ ತಲೆಯಾಡಿಸಿದ ಕತೆಯನ್ನು ಮೇಲೆ ಹೇಳಿದ್ದೇನೆ.

ಆಕ್ಷೇಪಗಳು

ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು, “ಇದು ಐಟಿಐ ಕೆಲಸ ಸರ್, ಪ್ರೌಢಶಾಲೆಯ ಕೆಲಸವಲ್ಲ” ಎಂದರು. ತಂತಿ ಜೋಡಿಸುವ ಕಸುಬು ಕಲಿಸುವುದು ಉದ್ದೇಶವಾದರೆ ಅವರ ಮಾತು ಸರಿ. ಇಲ್ಲಿ ಉದ್ದೇಶ ಬೇರೆ. ಪ್ರವಾಹವನ್ನು ನಿರ್ಧರಿಸುವುದು ಮೂಲವೊಂದೇ ಅಲ್ಲ, ಅದಕ್ಕೆ ಜೋಡಿಸಿದ ಸಾಧನವೂ ಹೌದು ಎಂಬುದು ಶುದ್ಧ ಪಠ್ಯವಿಷಯ. ‘ಪೆಟ್ಟಿಗಿ ತುಂಬ ಕರೆಂಟ್ ಐತಿ’ ಎಂದ ಹುಡುಗನ ತಲೆಯಲ್ಲಿದ್ದದ್ದು ತೊಟ್ಟಿಯಲ್ಲಿ ತುಂಬಿದ ನೀರಿನಂಥ ಕರೆಂಟು. ಅದನ್ನು ತಿದ್ದಲು ಚಾರ್ಟಿಗೆ ಆಗಲಿಲ್ಲ, ಆ ಮೀಟರಿನ 20 ಮೈಕ್ರೋಆಂಪಿಯರ್‌ಗೆ ಆಯಿತು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಬೆಸೆಯಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿತು. ಪ್ರತಿ ಸಾಲಿನ ಮೊದಲ ಉಪನ್ಯಾಸದಲ್ಲಿ ನಾವು ಅದನ್ನು ಹೇಳುತ್ತೇವೆ, ಟಿಪ್ಪಣಿ ಬರೆಸುತ್ತೇವೆ. ಬೆಸೆಯುವ ಕೆಲಸ ಮಾತ್ರ ಪ್ರಶಿಕ್ಷಣಾರ್ಥಿಯ ಪಾಲಿಗೆ ಬಿಟ್ಟಿದ್ದೇವೆ.

ಸಮಯವಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದು ಹುಸಿಯಲ್ಲ. ಶಾಲೆಯ ಮಾರ್ಗದರ್ಶಕ ಶಿಕ್ಷಕರಿಗೆ ಪಠ್ಯ ಮುಗಿಸುವ ಒತ್ತಡವಿದೆ. ಮೇಲಿನ ಪ್ರಸಂಗಕ್ಕೆ ಮೂರು ಅವಧಿ ಹಿಡಿಯಿತು. ಎಲ್ಲ ಘಟಕಕ್ಕೂ ಹೀಗೆ ಮಾಡಿ ಎಂದು ನಾನು ಹೇಳುವುದಿಲ್ಲ. 2015ರಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಗಿ ಶಾಲೆಯಲ್ಲಿ ಕಳೆಯುವ ದಿನಗಳು ಹೆಚ್ಚಿವೆ. ಅಷ್ಟು ದಿನಗಳಲ್ಲಿ ಒಂದೇ ಒಂದು ಘಟಕವನ್ನಾದರೂ ಪ್ರತಿ ಪ್ರಶಿಕ್ಷಣಾರ್ಥಿ ಹೀಗೆ ಕೊನೆ ಮುಟ್ಟಿಸಲಿ ಎಂಬುದಷ್ಟೇ ನನ್ನ ಕೋರಿಕೆ.

ಕೊನೆಗೆ, ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ನಿಮ್ಮ ಪಾಠ ಕೈಕೊಟ್ಟ ದಿನ ವೀಕ್ಷಕರ ಮುಖ ನೋಡಬೇಡಿ, ಮೀಟರ್ ನೋಡಿ. ಏನು ತಪ್ಪಿತು ಎಂದು ಅಳೆದು ಮರುದಿನ ಅದೇ ಮಕ್ಕಳ ಮುಂದೆ ಹೇಳಿ. ಆ ಹುಡುಗಿಯ ಕೊನೆಯ ಪ್ರಶ್ನೆ ಹುಟ್ಟಿದ್ದು, ತಪ್ಪಾಯಿತು ಎಂದು ಒಪ್ಪಿಕೊಂಡ ಶಿಕ್ಷಕಿಯ ಮುಂದೆ.

ನನ್ನ ಆ ವೀಕ್ಷಣಾ ಹಾಳೆ ಕಡತದಲ್ಲಿ ಹಾಗೆಯೇ ಇದೆ. ಅಂಕಪಟ್ಟಿ ಆ ವೇಳೆಗಾಗಲೇ ಹೋಗಿತ್ತು, ತಿದ್ದಲಾಗಲಿಲ್ಲ. ಅದಕ್ಕೆ ನನಗೆ ಬೇಸರವಿದೆ, ಆಕೆಗೂ ಹೇಳಿದ್ದೇನೆ. ‘ಪ್ರಯೋಗ ವಿಫಲ’ ಎಂದು ಬರೆದ ಸಾಲಿನ ಕೆಳಗೆ ದಿನಾಂಕ ಹಾಕಿ, ಮೂರನೆಯ ದಿನ ಕಂಡದ್ದನ್ನು ಬರೆದು ಇನ್ನೊಮ್ಮೆ ಸಹಿ ಮಾಡಿದ್ದೇನೆ. ಮುಂದಿನ ಸಾಲಿನ ಇಂಟರ್ನ್‌ಶಿಪ್ ಪೂರ್ವಸಿದ್ಧತಾ ಸಭೆಯಲ್ಲಿ ನಮೂನೆಯ ಈ ಬದಲಾವಣೆಗಳನ್ನು ಸಹೋದ್ಯೋಗಿಗಳು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.